ಹಾಡುವವರೂ ಕಡಿಮೆ, ಕೇಳುವವರೂ ಕಡಿಮೆ: ನಮ್ಮ ಶನಿವಾರದ ಜಾನಪದ ಕೂಟ ನಿಲ್ಲಿಸಬೇಕಾ?

ಪ್ರಶ್ನೆ: ಶಿರಸಿಯಲ್ಲಿ ನಮ್ಮದೊಂದು ಚಿಕ್ಕ ಗುಂಪು ಇದೆ. ನಮ್ಮ ಅಂಗಡಿಯ ಮಹಡಿ ಮೇಲೆ ಪ್ರತಿ ಶನಿವಾರ ಸಂಜೆ ಜಾನಪದ ಹಾಡಿನ ಕೂಟ ನಡೆಸುತ್ತೇವೆ. ಶುರು ಮಾಡಿ ಒಂದೂವರೆ ವರ್ಷ ಆಯ್ತು. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗ ಹೆಂಗಸರು, ಯಲ್ಲಾಪುರದ ಸಿದ್ದಿಗಳು, ಸುತ್ತಲಿನ ಹವ್ಯಕ ಅಜ್ಜಿಯರು, ಸಿದ್ದಾಪುರದ ದೀಪಾವಳಿಯ ಬಿಂಗಿ ಪದದವರು, ಎಲ್ಲರೂ ಬಂದು ಹಾಡಿದ್ದಾರೆ. ಮೊದಮೊದಲು ಕೂರಲು ಜಾಗ ಇರುತ್ತಿರಲಿಲ್ಲ. ಈಗ ಇಪ್ಪತ್ತು ಜನ ಬಂದರೆ ಹೆಚ್ಚು. ಹಾಡುವವರೂ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಆಷಾಢದಲ್ಲಿ ಸುಗ್ಗಿ ಪದ ಹಾಡಿ ಅಂದಿದ್ದಕ್ಕೆ ಹಾಲಕ್ಕಿ ಗೌಡರೊಬ್ಬರು ‘ಅದೆಲ್ಲ ಈಗ ಹಾಡೂದಲ್ಲ’ ಎಂದು ಎದ್ದೇ ಹೋದರು. ಹೋದ ತಿಂಗಳು ಒಬ್ಬ ಅಜ್ಜಿಯ ಮೊಮ್ಮಗ ಫೋನ್ ಮಾಡಿ, ‘ನಮ್ಮಜ್ಜಿ ಹಾಡು ಯೂಟ್ಯೂಬಿಗೆ ಹಾಕಿ ದುಡ್ಡು ಮಾಡ್ತಿದ್ದೀರಿ’ ಎಂದು ಬೈದ. ನಮಗೆ ಒಂದು ರೂಪಾಯಿ ಬಂದಿಲ್ಲ. ಬಂದದ್ದು ಯಾವುದೋ ಆಡಿಯೋ ಕಂಪನಿಯ ಕಾಪಿರೈಟ್ ಕ್ಲೇಮ್! ಜಾನಪದಕ್ಕೆ ಎಂಥ ಕಾಪಿರೈಟ್? ನಮ್ಮಲ್ಲಿ ಹಿರಿಯರೊಬ್ಬರು ದುಡ್ಡು ಕೊಟ್ಟರೆ ಕಲೆ ಕೆಡುತ್ತದೆ ಎನ್ನುತ್ತಾರೆ. ಹುಡುಗರು ಕೀಬೋರ್ಡು, ರಿದಂ ಪ್ಯಾಡು ಸೇರಿಸೋಣ ಎನ್ನುತ್ತಾರೆ. ನನಗಂತೂ ಸಾಕಾಗಿದೆ. ನಿಲ್ಲಿಸಿಬಿಡಲಾ?

ಉತ್ತರ: ನಿಲ್ಲಿಸಬೇಡಿ. ಆದರೆ ಈಗ ನಡೆಸುತ್ತಿರುವ ರೀತಿಯಲ್ಲೇ ಮುಂದುವರಿಸಲೂ ಬೇಡಿ.

ನೀವು ಐದಾರು ತೊಂದರೆ ಬರೆದಿದ್ದೀರಿ. ಹಳ್ಳಿ ಹಾಡುಗಾರರನ್ನು ರೆಕಾರ್ಡ್ ಮಾಡುವ, ಅವರನ್ನು ಪೇಟೆಯ ವೇದಿಕೆಗೆ ಕರೆತರುವ ಕೆಲಸದಲ್ಲೇ ಬಹಳ ವರ್ಷ ಕಳೆದವನು ನಾನು. ನನಗೆ ಕಾಣುವ ಮಟ್ಟಿಗೆ ಇವೆಲ್ಲದರ ಬೇರು ಒಂದೇ. ಹೆಸರಿಗೆ ಕೂಟ, ಮಾಡುತ್ತಿರುವುದು ಕಾರ್ಯಕ್ರಮ. ಕಾರ್ಯಕ್ರಮ ಅಂದ ಮೇಲೆ ಕಲಾವಿದರು ಬೇಕು, ಪ್ರೇಕ್ಷಕರು ಬೇಕು, ಪ್ರತಿ ಸಲ ಏನಾದರೂ ಹೊಸತು ಬೇಕು. ವರ್ಷಕ್ಕೆ 52 ಶನಿವಾರ. ಕಾರವಾರದಿಂದ ಭಟ್ಕಳದವರೆಗೆ ಜಾಲಾಡಿದರೂ ಅಷ್ಟು ತಂಡ ಸಿಗುವುದಿಲ್ಲ. ಸಿಕ್ಕವರನ್ನೇ ಮತ್ತೆ ಮತ್ತೆ ಕರೆದರೆ ಹಾಡುವವರಿಗೂ ಬೇಜಾರು, ಕೇಳುವವರಿಗೂ ಬೇಜಾರು.

ನಮ್ಮ ಕಡೆ ವಾರವಾರ ತಪ್ಪದೆ ನಡೆಯುವುದು ಯಾವುದು ಹೇಳಿ. ದೇವಸ್ಥಾನದ ಭಜನೆ. ಅಲ್ಲಿ ಯಾರಿಗೂ ಆಮಂತ್ರಣ ಇಲ್ಲ, ಫ್ಲೆಕ್ಸ್ ಇಲ್ಲ, ಅತಿಥಿ ಇಲ್ಲ. ಏಳು ಜನ ಬಂದರೂ ಭಜನೆ ಆಗುತ್ತದೆ, ಎಪ್ಪತ್ತು ಜನ ಬಂದರೂ ಆಗುತ್ತದೆ. ಬಂದವರೇ ಹಾಡುವವರು. ಮಳೆಗಾಲದಲ್ಲಿ ಹಳ್ಳಿಮನೆಯ ಜಗುಲಿಯಲ್ಲಿ ನಡೆಯುವ ತಾಳಮದ್ದಲೆಯೂ ಹಾಗೆಯೇ. ನಾಲ್ಕು ಅರ್ಥಧಾರಿಗಳು, ಒಬ್ಬ ಭಾಗವತ, ಒಂದು ಮದ್ದಲೆ ಇದ್ದರೆ ರಾತ್ರಿ ಸಾಗುತ್ತದೆ. ಇಂಗ್ಲೆಂಡಿನಲ್ಲಿ 1950ರ ದಶಕದಿಂದ ಬೆಳೆದ ಜಾನಪದ ಕ್ಲಬ್ಬುಗಳೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದವು. ಪಬ್ಬಿನ ಮಹಡಿ ಕೋಣೆಯಲ್ಲಿ ವಾರಕ್ಕೊಂದು ಸಂಜೆ. ಮೊದಲು ಕ್ಲಬ್ಬಿನ ಖಾಯಂ ಹಾಡುಗಾರರು. ಆಮೇಲೆ ಬಂದವರಲ್ಲಿ ಮನಸ್ಸಿದ್ದವರು ಒಂದೊಂದು ಹಾಡು. ಅತಿಥಿ ಗಾಯಕರು ಬರುವುದು ಕೆಲವು ರಾತ್ರಿ ಮಾತ್ರ, ಉಳಿದ ರಾತ್ರಿ ಅಲ್ಲಿನವರೇ. ಅಲ್ಲಿಯ ಕ್ಲಬ್ಬುಗಳಲ್ಲಿ ಕೆಲವು ಹತ್ತಾರು ವರ್ಷ ಬಾಳಿದ್ದು ಅತಿಥಿಗಳಿಂದ ಅಲ್ಲ, ಖಾಯಂ ಮಂದಿಯಿಂದ.

ನಿಮ್ಮಲ್ಲಿ ಆ ಖಾಯಂ ಮಂದಿ ಯಾರು? ಪತ್ರದಲ್ಲಿ ಅಂಕೋಲಾದವರು, ಯಲ್ಲಾಪುರದವರು ಎಂದೆಲ್ಲ ಬರೆದಿದ್ದೀರಿ. ನಿಮ್ಮ ಗುಂಪಿನವರೇ ಹಾಡಿದ್ದರ ಸುದ್ದಿ ಒಂದು ಸಾಲೂ ಇಲ್ಲ. ನಿಮ್ಮ ಇಪ್ಪತ್ತು ಜನರಲ್ಲಿ ಅಮ್ಮನ ಬಾಯಿಂದ ಕೇಳಿದ ಆರತಿ ಹಾಡು, ತೊಟ್ಟಿಲ ಹಾಡು ಗೊತ್ತಿರುವವರು ನಾಲ್ಕು ಜನವಾದರೂ ಇದ್ದೇ ಇರುತ್ತಾರೆ. ಅಂಥವರು ಸುಮ್ನೆ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದಾರೆ ಅಷ್ಟೆ.

ಇನ್ನು ಗೌಡರು ಎದ್ದುಹೋದ ವಿಷಯ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರೂ ಇದ್ದಾರೆ, ‘ದೊಡ್ಡ ಕಲಾವಿದ ಅಂತ ಜಂಬ’ ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ನೀವು ಶಿರಸಿಯವರು, ನಿಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಬೇಡರ ವೇಷ ಕುಣಿಯುವುದು ಹೋಳಿಗೆ, ಅದೂ ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ. ಆಷಾಢದ ಒಂದು ಶನಿವಾರ ನಮ್ಮ ಮಹಡಿಗೆ ಬಂದು ಬೇಡರ ವೇಷ ಕುಣಿಯಿರಿ ಎಂದು ನೀವು ಯಾರನ್ನಾದರೂ ಕರೆಯುತ್ತೀರಾ? ಕರೆಯಲು ನಾಲಿಗೆಯೇ ಬರುವುದಿಲ್ಲ. ಹಾಲಕ್ಕಿಗಳ ಸುಗ್ಗಿಯೂ ಹಾಗೆಯೇ. ಅದು ಫಾಲ್ಗುಣದ್ದು. ಗದ್ದೆ ಕೆಲಸ ಮುಗಿದ ಮೇಲೆ, ಹೋಳಿ ಹುಣ್ಣಿಮೆಗೆ ಮುಂಚೆ, ದೇವರಿಗೆ ಒಪ್ಪಿಸಿ, ತುರಾಯಿ ಕಟ್ಟಿ, ಗೆಜ್ಜೆ ಕಟ್ಟಿ ಹೊರಡುವ ಮೇಳ ಅದು. ಗುಮಟೆ ಎಂಬ ಮಣ್ಣಿನ ಚರ್ಮವಾದ್ಯ, ಜಾಗಟೆ ಹಿಡಿದು ಮನೆಮನೆ ತಿರುಗಿ ಹರಸಿ ಬರುತ್ತದೆ. ಹೊರಡುವುದಕ್ಕೂ ಶಾಸ್ತ್ರ ಇದೆ, ಮುಗಿಸುವುದಕ್ಕೂ ಇದೆ. ಅದರ ಪದವನ್ನು ಮಳೆಗಾಲದಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಪ್ಯಾಂಟು ಹಾಕಿಕೊಂಡು ಹಾಡಿ ಎಂದರೆ ಹಿರಿಯರಿಗೆ ಇರಿಸುಮುರಿಸು ಆಗುವುದು ಸಹಜ, ಅಲ್ವಾ?

ಎಲ್ಲ ಹಾಡಿಗೂ ಇಂಥ ಕಟ್ಟು ಇಲ್ಲ. ಹಾಲಕ್ಕಿ ಹೆಂಗಸರ ಹತ್ತಿರ ಯಾವಾಗ ಬೇಕಾದರೂ ಹಾಡಬಹುದಾದ ಕಥನ ಪದಗಳು ಬೇಕಾದಷ್ಟಿವೆ. ಹವ್ಯಕ ಅಜ್ಜಿಯರು ಆರತಿ ಹಾಡನ್ನು ಎಲ್ಲಿ ಬೇಕಾದರೂ ಹಾಡುತ್ತಾರೆ. ಅದೇ, ಹೆಣ್ಣು ಒಪ್ಪಿಸುವ ಹಾಡು ಹೇಳಿ ಎಂದರೆ ಕೆಲವರು ಹಿಂದೆಮುಂದೆ ನೋಡುತ್ತಾರೆ. ಮದುವೆಯೇ ಇಲ್ಲದೆ ಯಾರನ್ನು ಒಪ್ಪಿಸುವುದು? ಸಾವಿನ ಮನೆಯ ಹಾಡಂತೂ ಕೇಳಲೇಬೇಡಿ. ಬಿಂಗಿ ಪದ ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆ ಬಾಗಿಲಿಗೆ ಬರುವಂಥದ್ದು. ಯಾವುದನ್ನು ಯಾವಾಗ ಹಾಡಬಹುದು ಎಂಬುದನ್ನು ಹಾಡುವವರನ್ನೇ ಕೇಳಿ. ‘ಸುಗ್ಗಿ ಪದ ಹಾಡಿ’ ಎಂದು ನೀವು ಪಟ್ಟಿ ಕೊಡುವುದರ ಬದಲು, ‘ಈಗ ಯಾವುದು ಹಾಡಬಹುದು ಗೌಡ್ರೇ?’ ಎಂದು ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಹಾಡುವವರು ತಪ್ಪಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣ ಇದೆ. ಇದು ಹೆಚ್ಚಿನ ಸಂಘಟಕರ ಕಣ್ಣಿಗೆ ಬೀಳುವುದೇ ಇಲ್ಲ. ವೇದಿಕೆಯ ಮೇಲೆ ಅವರಿಗೆ ಹಾಡು ಮರೆತುಹೋಗುತ್ತದೆ. ನಾಲ್ಕು ಜನರ ಎದುರು ಮರ್ಯಾದೆ ಹೋಯಿತು ಎಂದುಕೊಂಡು ಮತ್ತೆ ಬರುವುದಿಲ್ಲ. ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ‘ಗಂಟಲು ಸರಿ ಇಲ್ಲ’, ‘ದನ ಕರು ಹಾಕ್ತದೆ’, ‘ಮನೆಗೆ ನೆಂಟರು ಬರ್ತಾರೆ’ ಎನ್ನುತ್ತಾರೆ.

ಯಾಕೆ ಮರೆಯುತ್ತದೆ? ನೆಟ್ಟಿ (ನಾಟಿ) ಹಾಡು, ಬೀಸುವ ಪದ, ಕುಟ್ಟುವ ಪದ, ಇವುಗಳ ಲಯ ಇರುವುದು ಕೈಯಲ್ಲಿ. ಕುರ್ಚಿಯಲ್ಲಿ ಕೂರಿಸಿ, ಕೈಗೆ ಮೈಕ್ ಕೊಟ್ಟರೆ ಆ ಕೈಗೆ ಕೆಲಸವೇ ಇರುವುದಿಲ್ಲ. ಎರಡನೇ ನುಡಿಗೆ ಬರುವಷ್ಟರಲ್ಲಿ ತಡವರಿಸುತ್ತಾರೆ. ನಾನು ರೆಕಾರ್ಡಿಂಗಿಗೆ ಕೂತಾಗ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹೀಗೆ ತಡವರಿಸುವ ಅಜ್ಜಿಯ ಮುಂದೆ ಒಂದು ಮೊರ ಅಕ್ಕಿ ಇಟ್ಟುಬಿಡಿ. ಅವರು ಸುಮ್ಮನೆ ಕೂರುವುದಿಲ್ಲ. ಬೆರಳು ಕಲ್ಲು ಹೆಕ್ಕಲು ಶುರುಮಾಡುತ್ತದೆ. ತುಸು ಹೊತ್ತಿಗೆ ತುಟಿ ಅಲ್ಲಾಡುತ್ತದೆ. ಆಮೇಲೆ ನೀವು ‘ಸಾಕು’ ಎನ್ನಬೇಕು, ಅಷ್ಟು ಪದ ಬರುತ್ತದೆ. ರೆಕಾರ್ಡಿಂಗಿನಲ್ಲಿ ಮೊರದ ಸರಬರ ಸದ್ದು ಸೇರುತ್ತದೆ, ಸೇರಲಿ ಬಿಡಿ.

ಇನ್ನೊಂದು ಕಾರಣ ಜೊತೆಗಾತಿ ಇಲ್ಲದಿರುವುದು. ನಮ್ಮ ಕರಾವಳಿಯ ಹೆಂಗಸರ ಹಾಡು ಬಹುಪಾಲು ಇಬ್ಬರದು ಅಥವಾ ಎರಡು ಸಾಲಿನವರದು. ಒಬ್ಬರು ಎತ್ತಿಕೊಟ್ಟ ಸಾಲನ್ನು ಇನ್ನೊಬ್ಬರು ಹಿಡಿದು ಮತ್ತೆ ಹಾಡುತ್ತಾರೆ. ಅಷ್ಟರಲ್ಲಿ ಮೊದಲಿನವರಿಗೆ ಉಸಿರೂ ಸಿಗುತ್ತದೆ, ಮುಂದಿನ ಸಾಲೂ ನೆನಪಾಗುತ್ತದೆ. ಒಬ್ಬರನ್ನೇ ಕರೆದರೆ ಅವರ ನೆನಪಿನ ಅರ್ಧವನ್ನು ಊರಲ್ಲೇ ಬಿಟ್ಟು ಬಂದಂತೆ. ಅಂಕೋಲಾದ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮು ಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಅಂದಿನಿಂದ ‘ಮುಂದಿನ ಸುಕ್ರಜ್ಜಿ ಯಾರು’ ಎಂದು ಹುಡುಕಿಕೊಂಡು ಹಾಲಕ್ಕಿ ಕೊಪ್ಪಗಳಿಗೆ (ಕೇರಿಗಳಿಗೆ) ಹೋಗುವವರು ಜಾಸ್ತಿಯಾಗಿದ್ದಾರೆ. ಒಬ್ಬರನ್ನು ಆರಿಸಿ ದೊಡ್ಡವರನ್ನಾಗಿ ಮಾಡುವ ಈ ಆತುರದಲ್ಲಿ ಕೇರಿಯೊಳಗೆ ಮನಸ್ತಾಪ ಬಿತ್ತುತ್ತೇವೆ. ಕರೆಯುವುದಾದರೆ ಮೂರು ನಾಲ್ಕು ಜನರನ್ನು ಒಟ್ಟಿಗೆ ಕರೆಯಿರಿ. ಯಾರು ಬರಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ.

ಈಗ ದುಡ್ಡು. ‘ಸಂಭಾವನೆ ಕೊಟ್ಟರೆ ಕಲೆ ಕೆಡುತ್ತದೆ’ ಎನ್ನುವ ಮಾತನ್ನು ನಾನು ಸಂಬಳ ಬರುವ ಜನರ ಬಾಯಲ್ಲೇ ಹೆಚ್ಚು ಕೇಳಿದ್ದೇನೆ. ಸುಗ್ಗಿ ಮೇಳ ಮನೆಗೆ ಬಂದರೆ ಅಕ್ಕಿ, ಕಾಯಿ, ಕಾಣಿಕೆ ಕೊಟ್ಟೇ ಕಳಿಸುವುದು. ಬಿಂಗಿಯವರಿಗೂ ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲ. ಹಾಡಿದವರಿಗೆ ಕೊಡುವುದು ಹಳೆಯ ರೂಢಿ, ನಾವು ಹೊಸದಾಗಿ ತಂದದ್ದಲ್ಲ. ಅಂಕೋಲಾದಿಂದ ಘಟ್ಟ ಹತ್ತಿ ಬರುವ ಕೂಲಿಯ ಹೆಂಗಸಿಗೆ ಒಂದು ಶನಿವಾರ ಅಂದರೆ ಎರಡು ದಿನದ ಕೂಲಿ ಹೋಯಿತು. ಬಂದ ದಿನ ಒಂದು, ನಿದ್ದೆಗೆಟ್ಟ ಮರುದಿನ ಇನ್ನೊಂದು. ಕನಿಷ್ಠ ಅಷ್ಟಾದರೂ ಪ್ರತಿಯೊಬ್ಬರಿಗೂ ಕೊಡಿ. ಹೋಗಿಬರುವ ಖರ್ಚು ಬೇರೆ, ಊಟ ಬೇರೆ. ತಂಡದ ಮುಖಂಡನ ಕೈಗೆ ಒಟ್ಟಿಗೆ ಕೊಟ್ಟರೆ ಹಿಂದೆ ಹಾಡುವ ಹೆಂಗಸರಿಗೆ ಎಷ್ಟು ತಲುಪುತ್ತದೆ ಎಂದು ಹೇಳಲಾಗದು. ಅವರವರ ಕೈಗೇ ಕೊಡಿ, ಹಾಡಿಗೆ ಮುಂಚೆಯೇ ಕೊಡಿ, ಮೈಕಿನಲ್ಲಿ ಹೇಳಬೇಡಿ. ಅಕೌಂಟಿಗೆ ಹಾಕುತ್ತೇವೆ ಎಂದರೆ ಅದು ಯಾರ ನಂಬರು ಎಂದು ಒಮ್ಮೆ ಕೇಳಿ. ಎಷ್ಟೋ ಸಲ ಅದು ಮಗನದೋ ಅಳಿಯನದೋ ಆಗಿರುತ್ತದೆ.

ದುಡ್ಡು ಎಲ್ಲಿಂದ ತರೋದು ಎಂದು ಕೇಳುತ್ತೀರಿ. ಶಾಲು, ಹಾರ, ಮೊಮೆಂಟೊ, ಫ್ಲೆಕ್ಸು ನಿಲ್ಲಿಸಿ. ಆ ಲೆಕ್ಕ ಕೂಡಿಸಿ ನೋಡಿದರೆ ಒಂದಿಬ್ಬರ ಸಂಭಾವನೆ ಅಲ್ಲೇ ಸಿಗುತ್ತದೆ. ಹಾಲಕ್ಕಿ ಅಜ್ಜಿಯ ಮನೆಯ ಮಾಡಿನಲ್ಲಿ ಸಾಲಾಗಿ ಜೋಡಿಸಿಟ್ಟ ಪ್ಲಾಸ್ಟಿಕ್ ಮೊಮೆಂಟೊಗಳನ್ನು ನೋಡಿದವನು ನಾನು. ಅವು ಒಲೆ ಉರಿಸಲಿಕ್ಕೂ ಬರುವುದಿಲ್ಲ. ಇನ್ನೊಂದು ಮಾತು. ಗಂಡಸರ ತಂಡ ಬಂದಾಗ ‘ಸ್ವಲ್ಪ ಹಾಕಿದ್ರೆ ಚೆನ್ನಾಗಿ ಹಾಡ್ತಾರೆ’ ಎಂದು ಬಾಟಲಿ ತರಿಸುವ ಉತ್ಸಾಹಿಗಳು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಅವರನ್ನು ದೂರ ಇಡಿ. ಸುಕ್ರಜ್ಜಿ ತನ್ನೂರಿನಲ್ಲಿ ಸಾರಾಯಿ ವಿರುದ್ಧ ಹೋರಾಡಿದವರು.

ಇನ್ನು ಮೊಮ್ಮಗ. ನೀವು ದುಡ್ಡು ಮಾಡಿಲ್ಲ, ನಿಜ. ಆದರೂ ಅವನ ಮಾತಿನಲ್ಲಿ ನ್ಯಾಯ ಇದೆ. ‘ಜಾನಪದ ಯಾರ ಸೊತ್ತೂ ಅಲ್ಲ, ಯಾರ ಒಪ್ಪಿಗೆಯೂ ಬೇಡ’ ಎಂಬುದು ಅರ್ಧ ಸತ್ಯ. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು ಹಾಡು. ಕಟ್ಟಿದವರು ಯಾರು ಎಂದೇ ಗೊತ್ತಿಲ್ಲದೆ ತಲೆಮಾರುಗಳಿಂದ ಬಂದ ಪದದ ಮೇಲೆ ಯಾರದೂ ಕಾಪಿರೈಟ್ ಇಲ್ಲ. ಎರಡನೆಯದು ಹಾಡಿಕೆ. ಅಜ್ಜಿ ನಿಮ್ಮ ಮಹಡಿಯಲ್ಲಿ ಆ ಸಂಜೆ ಹಾಡಿದ್ದು ಅಜ್ಜಿಯದು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಹಾಡುವವರಿಗೆ, ಕುಣಿಯುವವರಿಗೆ, ಬಾರಿಸುವವರಿಗೆ ಪ್ರತ್ಯೇಕ ಹಕ್ಕು ಕೊಟ್ಟಿದೆ. ಅದು 50 ವರ್ಷ ಇರುತ್ತದೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವಂತಿಲ್ಲ, ಜನರಿಗೆ ತಲುಪಿಸುವಂತಿಲ್ಲ. 2012ರ ತಿದ್ದುಪಡಿಯ ನಂತರ, ಹಾಡಿದವರು ಇಂಥವರು ಎಂದು ಹೆಸರು ಹೇಳಿಸಿಕೊಳ್ಳುವ ಹಕ್ಕೂ ಅವರಿಗಿದೆ. ನಿಮ್ಮ ವಿಡಿಯೋದ ಕೆಳಗೆ ‘ಹಾಲಕ್ಕಿ ಜಾನಪದ ಗೀತೆ’ ಎಂದಷ್ಟೇ ಇದೆಯೋ, ಅಜ್ಜಿಯ ಹೆಸರು, ಊರು ಇದೆಯೋ? ನೋಡಿಕೊಳ್ಳಿ.

ಮೂರನೆಯದು ಧ್ವನಿಮುದ್ರಣ. ಕಂಪನಿಯವರು ಹಳೆಯ ಪದವನ್ನೇ ಯಾರಿಂದಲೋ ಹಾಡಿಸಿ ಕ್ಯಾಸೆಟ್ ಮಾಡಿದ್ದರೆ ಆ ಮುದ್ರಣ ಅವರದು. ಅದು ಪ್ರಕಟವಾದ ಮೇಲೆ 60 ವರ್ಷ. ಆದರೆ ಹಾಡೇ ಅವರದಾಗುವುದಿಲ್ಲ. ಯೂಟ್ಯೂಬಿನ ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅದು ಧಾಟಿ ಹೋಲಿಸಿ ನೋಡಿ ಕ್ಲೇಮ್ ಹಾಕಿಬಿಡುತ್ತದೆ. ನಿಮ್ಮ ವಿಡಿಯೋದಲ್ಲಿ ಕ್ಯಾಸೆಟ್ಟಿನ ತುಣುಕು ಎಲ್ಲೂ ಸೇರಿಲ್ಲ, ಪದ ನಿಜಕ್ಕೂ ಪರಂಪರೆಯದು ಎಂಬುದು ಖಚಿತವಾಗಿದ್ದರೆ ತಕರಾರು ಸಲ್ಲಿಸಿ. ಕಂಪನಿ 30 ದಿನದೊಳಗೆ ಉತ್ತರ ಕೊಡದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಆದರೆ ಜಾನಪದ ಎಂದು ನಾವೆಲ್ಲ ನಂಬಿದ ಎಷ್ಟೋ ಹಾಡುಗಳನ್ನು ಈಚಿನ ಕವಿಗಳೇ ಬರೆದಿರುತ್ತಾರೆ. ಅಂಥದ್ದಾದರೆ ಕವಿ ತೀರಿಕೊಂಡು 60 ವರ್ಷ ಆಗುವವರೆಗೂ ಕಾಪಿರೈಟ್ ಇರುತ್ತದೆ. ಅವನ್ನು ಟಿಕೆಟ್ ಇಲ್ಲದ ನಿಮ್ಮಂಥ ಹವ್ಯಾಸಿ ಕೂಟದಲ್ಲಿ ಹಾಡಿದರೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಯೂಟ್ಯೂಬಿಗೆ ಹಾಕುವುದಂತೂ ಬೇರೆಯೇ ವಿಷಯ.

ಕಾನೂನು ಹಾಗಿರಲಿ. ಮೊದಲು ವಿಡಿಯೋವನ್ನು ಪ್ರೈವೇಟ್ ಮಾಡಿ. ಆಮೇಲೆ ಮೊಮ್ಮಗನಿಗೆ ಫೋನ್ ಮಾಡಿ, ಒಂದು ಭಾನುವಾರ ಅವರ ಮನೆಗೇ ಹೋಗಿ. ಅಜ್ಜಿಗೆ ವಿಡಿಯೋ ತೋರಿಸಿ. ಹಾಕಬಹುದಾ, ಯಾವುದನ್ನು ಹಾಕಬಹುದು, ಯಾವುದು ಬೇಡ ಎಂದು ಅವರ ಬಾಯಲ್ಲೇ ಕೇಳಿ. ‘ಬೇಡ’ ಎಂದರೆ ಅಳಿಸಿಬಿಡಿ, ವಾದ ಮಾಡಬೇಡಿ. ‘ಹಾಕಿ’ ಎಂದರೆ ಮುಂದೆಂದಾದರೂ ದುಡ್ಡು ಬಂದರೆ ಹೇಗೆ ಹಂಚುವುದು ಎಂಬುದನ್ನು ಅಲ್ಲೇ ಮಾತಾಡಿ ಬರೆದಿಡಿ. ಒಂದು ಪ್ರತಿಯನ್ನು ಮನೆಯವರ ಮೊಬೈಲಿಗೆ ಹಾಕಿಕೊಡಿ. ನನ್ನ ಅನುಭವದಲ್ಲಿ ಸಿಟ್ಟು ಬರುವುದು ದುಡ್ಡಿಗಿಂತ ಹೆಚ್ಚಾಗಿ ಇದಕ್ಕೇ. ಊರವರೆಲ್ಲ ನೋಡಿದ ವಿಡಿಯೋ ಮನೆಯವರಿಗೆ ಮೂರನೆಯವರಿಂದ ಗೊತ್ತಾಗುತ್ತದೆ.

ಮುಂದಕ್ಕೆ ಒಪ್ಪಿಗೆ ಕೇಳುವಾಗ ಇಂಗ್ಲಿಷ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಬೇಡಿ. ರೆಕಾರ್ಡರ್ ಆನ್ ಮಾಡಿ, ಅವರ ಮಾತಿನಲ್ಲೇ ಕೇಳಿ, ಅವರ ದನಿಯಲ್ಲೇ ಉತ್ತರ ಇರಲಿ. ಹೆಸರು, ಊರು, ತಾರೀಖು, ಈ ಪದ ಯಾರಿಂದ ಕಲಿತದ್ದು ಎಂಬುದೂ ಅದರಲ್ಲಿ ಬರಲಿ. ಕುಮಟಾದ ಎಲ್.ಆರ್. ಹೆಗಡೆಯವರು, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಈ ಜಿಲ್ಲೆಯ ಹಾಡುಗಳನ್ನು ಬಾಯಿಂದ ಕೇಳಿ ಬರೆದಿಟ್ಟಿದ್ದರಿಂದಲೇ ಇವತ್ತು ನಮಗೆ ಎಷ್ಟೋ ಪದ ಓದಲು ಸಿಗುತ್ತಿವೆ. ನಿಮ್ಮ ಕೈಯಲ್ಲಿ ದನಿಯೂ ಇದೆ. ಯಾರಿಂದ, ಎಲ್ಲಿ ಎಂಬ ಎರಡು ಸಾಲು ಇಲ್ಲದಿದ್ದರೆ ಆ ಫೈಲು ಹತ್ತು ವರ್ಷದ ಮೇಲೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಕೀಬೋರ್ಡಿನ ಬಗ್ಗೆ ನನ್ನ ಅಭಿಪ್ರಾಯ ನೇರ: ಅಜ್ಜಿಯರ ಹಿಂದೆ ಬೇಡ. ಅವರು ಆ ದಿನ ಗಂಟಲಿಗೆ ಒಗ್ಗಿದ ಶ್ರುತಿಯಲ್ಲಿ ಎತ್ತುತ್ತಾರೆ. ಹಾಡುತ್ತಾ ಹಾಡುತ್ತಾ ಅದು ಒಂದಿಷ್ಟು ಏರುತ್ತದೆ, ಇಳಿಯುತ್ತದೆ. ಕೀಬೋರ್ಡು ಒಂದೇ ಕಡೆ ನಿಂತಿರುತ್ತದೆ. ಆಗ ತಪ್ಪು ಹಾಡುತ್ತಿರುವವರು ಅಜ್ಜಿ ಎಂದೇ ಎಲ್ಲರಿಗೂ ಅನಿಸುತ್ತದೆ, ಅಜ್ಜಿಗೂ ಸಹ. ರಿದಂ ಪ್ಯಾಡಿನದೂ ಅದೇ ಕಥೆ, ಪದದ ನಡುವೆ ಉಸಿರಿಗೆ ನಿಲ್ಲಲು ಅದು ಬಿಡುವುದಿಲ್ಲ. ಹಾಗಂತ ಹುಡುಗರನ್ನು ಬೈದು ಕಳಿಸಬೇಡಿ. ಕೊನೆಯ ಅರ್ಧ ಗಂಟೆ ಅವರಿಗೇ ಕೊಡಿ. ಅವರ ಹೆಸರಿನಲ್ಲಿ, ಅವರ ದನಿಯಲ್ಲಿ ಏನು ಬೇಕಾದರೂ ಮಾಡಲಿ. ಅದಕ್ಕೆ ಮುಂಚಿನ ಒಂದು ಗಂಟೆ ಅವರೂ ಕೂತು ಕೇಳಬೇಕು, ಅಷ್ಟೇ ಷರತ್ತು.

ಮೈಕೂ ಬೇಡ. ನಲವತ್ತು ಜನರ ಮಹಡಿಗೆ ಯಾಕೆ? ಗದ್ದೆಯ ಈ ತಲೆಯಿಂದ ಆ ತಲೆಗೆ ಕೇಳುವ ಗಂಟಲು ಅವರದು. ಸಿದ್ದಿಗಳ ಡಮಾಮಿ ಕುಣಿತ, ಅದರ ಡೋಲು ಶುರುವಾದರಂತೂ ಕೆಳಗಿನ ಅಂಗಡಿಯ ಗಾಜು ಅದುರುತ್ತದೆ. ರೆಕಾರ್ಡಿಂಗಿಗೆ ಬೇಕಿದ್ದರೆ ಎರಡು ಸಾಲಿನ ನಡುವೆ ದೂರದಲ್ಲಿ ಒಂದು ಮೈಕ್ ನಿಲ್ಲಿಸಿ ಮರೆತುಬಿಡಿ. ಹೊರಗೆ ಧ್ವನಿವರ್ಧಕ ಹಾಕಿದರೆ ಮೊದಲೇ ಅನುಮತಿ ಬರೆಸಿಕೊಳ್ಳಬೇಕು, ರಾತ್ರಿ 10ಕ್ಕೆ ನಿಲ್ಲಿಸಬೇಕು. ಆ ತಲೆನೋವು ನಿಮಗ್ಯಾಕೆ? ಕುರ್ಚಿ ತೆಗೆದು ಚಾಪೆ ಹಾಸಿ, ಸುತ್ತ ಕೂರಿಸಿ. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ನುಡಿ ಎಲ್ಲ ಬಿಡಿ. ನಿಮ್ಮ ಜನ ಕಡಿಮೆಯಾಗಿದ್ದು ಹಾಡಿನಿಂದಲೋ ಈ ಭಾಷಣಗಳಿಂದಲೋ, ನನಗೆ ಅನುಮಾನ ಇದೆ. ಒಂದೇ ಒಂದು ಮಾತು ಬೇಕಾಗುವುದು ಸಿದ್ದಿಗಳು ಬಂದಾಗ. ಅವರ ಹಾಡಿನಲ್ಲಿ ಕೊಂಕಣಿ ಬೆರೆತಿರುತ್ತದೆ, ಶಿರಸಿಯ ಎಲ್ಲರಿಗೂ ಅದು ತಿಳಿಯುವುದಿಲ್ಲ. ಈ ಹಾಡು ಏನು, ಯಾವಾಗ ಹಾಡುವುದು ಎಂದು ಅವರೇ ಎರಡು ಮಾತು ಹೇಳಲಿ. ‘ಆಫ್ರಿಕಾದಿಂದ ಬಂದ ನಮ್ಮ ಬಂಧುಗಳು’ ಎಂದು ನೀವು ಶುರುಮಾಡಬೇಡಿ. ತಲೆತಲಾಂತರದಿಂದ ಈ ಮಣ್ಣಿನಲ್ಲೇ ಇರುವವರು ಪ್ರತಿ ವೇದಿಕೆಯಲ್ಲೂ ಆ ಮಾತು ಕೇಳಿ ಕೇಳಿ ಬೇಸತ್ತಿದ್ದಾರೆ.

ಗುಮಟೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹಿಂದೆ ಈ ಮಣ್ಣಿನ ಕೊಡದ ಬಾಯಿಗೆ ಉಡದ ಚರ್ಮ ಕಟ್ಟುತ್ತಿದ್ದರು. ಉಡ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಕೊಲ್ಲುವುದಷ್ಟೇ ಅಲ್ಲ, ಚರ್ಮ ಕೊಳ್ಳುವುದು, ಮಾರುವುದೂ ಅಪರಾಧ. ‘ಅಸಲಿ ಗುಮಟೆ ಬೇಕು’ ಎಂದು ಯಾರ ಹತ್ತಿರವೂ ಕೇಳಬೇಡಿ. ಕೇಳಿದರೆ ಸಿಕ್ಕಿಬೀಳುವುದು ಕಟ್ಟಿಕೊಟ್ಟ ಬಡವ. ಆಡಿನ ಚರ್ಮದ ಗುಮಟೆ ಸಾಕಷ್ಟು ಚೆನ್ನಾಗಿಯೇ ನುಡಿಯುತ್ತದೆ. ಗೋವಾದವರು 2019ರಲ್ಲಿ ಇದೇ ವಾದ್ಯವನ್ನು ರಾಜ್ಯದ ಪಾರಂಪರಿಕ ವಾದ್ಯ ಎಂದು ಘೋಷಿಸಿದರು. ಅಲ್ಲಿಯೂ ಈಗ ಆಡಿನ ಚರ್ಮವೇ. ಮಳೆಗಾಲದಲ್ಲಿ ಚರ್ಮ ತಂಪಿಗೆ ಸಡಿಲಾಗಿ ದನಿ ಬೀಳುತ್ತದೆ. ಕಾಯಿಸಿಕೊಳ್ಳಲು ಒಂದಿಷ್ಟು ಕೆಂಡವೋ ಇದ್ದಿಲಿನ ಒಲೆಯೋ ಇಟ್ಟಿರಿ. ‘ಯಾಕೆ ಲೇಟು’ ಎಂದು ಅವಸರ ಮಾಡಬೇಡಿ.

ಹಾಗಾದರೆ ಮುಂದೆ ಹೇಗೆ? ನನ್ನ ಸಲಹೆ ಇದು. ಕೂಟ ವಾರವಾರವೂ ಇರಲಿ, ಆದರೆ ಅದು ನಿಮ್ಮವರದೇ ಕೂಟ ಆಗಲಿ. ಬಂದವರು ಒಬ್ಬೊಬ್ಬರು ಒಂದು ಪದ. ಹಾಡಲು ಬಾರದವರು ಹಿಂದೆ ದನಿ ಸೇರಿಸಲಿ. ಹೊರಗಿನವರು ತಿಂಗಳಿಗೊಮ್ಮೆ ಸಾಕು, ಅವರಿಂದ ಒಂದು ಪದ ಕಲಿತು ಉಳಿದ ಮೂರು ವಾರ ಅದನ್ನೇ ಹಾಡಿ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಪೇಟೆಯವರು ಕಲಿತು ನಯವಾಗಿ ಹಾಡಿ, ನಾಳೆ ಉತ್ಸವಕ್ಕೆ ಅವರನ್ನೇ ಕರೆದು, ಕಲಿಸಿದವರು ಮನೆಯಲ್ಲೇ ಉಳಿಯುವುದು ನಮ್ಮ ಕಡೆ ಆಗಿಹೋಗಿದೆ. ಅದಕ್ಕೇ ಒಂದು ಕಟ್ಟುಪಾಡು ಮಾಡಿಕೊಳ್ಳಿ. ಕೂಟದಲ್ಲಿ ಕಲಿತ ಪದವನ್ನು ಹೊರಗಿನ ವೇದಿಕೆಯಲ್ಲಿ ಹಾಡುವುದಾದರೆ ಕಲಿಸಿದವರನ್ನು ಕೇಳಿಯೇ ಹಾಡಬೇಕು, ಅವರ ಹೆಸರು ಹೇಳಿಯೇ ಹಾಡಬೇಕು.

ಕ್ಯಾಲೆಂಡರನ್ನೂ ಬದಲಿಸಿ. ಜೂನ್, ಜುಲೈ ನೆಟ್ಟಿ ಕಾಲ. ಗದ್ದೆಯಲ್ಲಿ ಬಗ್ಗಿ ಸೊಂಟ ಬಿದ್ದವರನ್ನು, ದೇವಿಮನೆ ಘಟ್ಟದ ಮಳೆಯಲ್ಲಿ ರಾತ್ರಿ ಕರೆಸಬೇಡಿ. ನಿಮ್ಮ ಮಹಡಿಗೆ ಶೀಟ್ ಮಾಡು ಇದ್ದರೆ ಆ ಎರಡು ತಿಂಗಳು ಹೇಗೂ ಏನೂ ಕೇಳುವುದಿಲ್ಲ. ದೀಪಾವಳಿಯ ನಂತರ ಅಡಿಕೆ ಕೊಯ್ಲು. ಆಗ ಸಂಜೆ ಹೊತ್ತು ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತು ಸುಲಿಯುವ ಮನೆ ಸುತ್ತ ಎಷ್ಟಿಲ್ಲ? ನಿಮ್ಮ ಕೂಟವನ್ನು ಒಂದು ಶನಿವಾರ ಅಲ್ಲಿಗೇ ಒಯ್ಯಿರಿ. ಸುಲಿಯುತ್ತಾ ಹಾಡಲಿ, ನೀವೂ ಸುಲಿಯಿರಿ. ನವೆಂಬರಿನಿಂದ ಮೇವರೆಗೆ ಯಕ್ಷಗಾನದ ಸೀಸನ್ನು. ಶನಿವಾರ ರಾತ್ರಿ ಸುತ್ತಮುತ್ತ ಎಲ್ಲಾದರೂ ಆಟ ಇದ್ದೇ ಇರುತ್ತದೆ. ಜನ ಕಡಿಮೆಯಾಗಲು ಅದೂ ಒಂದು ಕಾರಣ ಇರಬಹುದು. ಆ ಆರೇಳು ತಿಂಗಳು ಬುಧವಾರವೋ ಗುರುವಾರವೋ ಮಾಡಿ ನೋಡಿ.

ಸುಗ್ಗಿ ಬಂದಾಗ ಮಹಡಿಗೆ ಬೀಗ ಹಾಕಿ ನೀವೇ ಘಟ್ಟ ಇಳಿಯಿರಿ. ಅಲ್ಲಿ ಹೋಗುವುದರಲ್ಲೂ ಅಪಾಯ ಇದೆ. ಇಪ್ಪತ್ತು ಜನ ಟೆಂಪೋ ಮಾಡಿಕೊಂಡು, ಡ್ರೋನ್ ಹಿಡಿದುಕೊಂಡು ಹೋದರೆ ಅದು ಹಬ್ಬ ನೋಡುವುದಲ್ಲ, ಹಬ್ಬ ಕೆಡಿಸುವುದು. ಮೊದಲೇ ಊರ ಗೌಡರನ್ನು ಕೇಳಿ, ನಾಲ್ಕೈದು ಜನ ಹೋಗಿ. ಬೇರೆ ಮನೆಯವರು ಕೊಟ್ಟ ಹಾಗೆ ಅಕ್ಕಿ, ಕಾಯಿ, ಕಾಣಿಕೆ ಕೊಡಿ. ಕ್ಯಾಮೆರಾ ಚೀಲದಲ್ಲೇ ಇರಲಿ. ತೆಗೆಯಿರಿ ಎಂದು ಅವರು ಹೇಳಿದರೆ ತೆಗೆಯಿರಿ.

ಕೊನೆಯದಾಗಿ ಸರ್ಕಾರದ ನೆರವು. ವಾರಕ್ಕೊಮ್ಮೆ ಕೂತು ಹಾಡಲು ಯಾವ ನೋಂದಣಿಯೂ ಬೇಡ. ತಿಂಗಳ ಅತಿಥಿಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಬೇಕು ಎಂದಾದರೆ ಮಾತ್ರ ಸಂಘವನ್ನು ನೋಂದಾಯಿಸಬೇಕಾಗುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಸದಸ್ಯರು ಬೇಕು. ವಿಚಾರಿಸಲು ಇಲಾಖೆಯ ಜಿಲ್ಲಾ ಕಚೇರಿ ಕಾರವಾರದಲ್ಲಿದೆ. ಆದರೆ ನೋಂದಣಿ ಅಂದರೆ ಅಧ್ಯಕ್ಷ, ಕಾರ್ಯದರ್ಶಿ, ಲೆಕ್ಕಪತ್ರ, ವರ್ಷವರ್ಷ ಆಡಿಟ್ಟು. ಧನಸಹಾಯ ಬರುವುದೂ ತಡ. ಹಾಡಿನ ಗುಂಪು ಹುದ್ದೆಯ ಜಗಳದಲ್ಲಿ ಒಡೆದದ್ದು ಕಡಿಮೆ ಇಲ್ಲ. ಹಾಗಾಗಿ ಮೊದಲು ಒಂದು ವರ್ಷ ವಂತಿಗೆ ಎತ್ತಿಯೇ ನಡೆಸಿ. ಆಮೇಲೂ ನೋಂದಣಿ ಬೇಕೆನಿಸಿದರೆ, ಆ ಏಳು ಜನರಲ್ಲಿ ಹಾಡುವವರೇ ನಾಲ್ಕು ಜನ ಇರಬೇಕು ಎಂದು ಬೈಲಾದಲ್ಲೇ ಬರೆಸಿಬಿಡಿ.